ಕರೆಂಟ್ ಹೋದರೂ ಕೆಡದ ಹಾಗೆ ಫೋಟೋ ಇಳಿಸಿಕೊಳ್ಳಿ: ಕಾರ್ಡಿನಿಂದ ಇಮ್ಮಿಚ್‌ವರೆಗೆ, ಕಮಾಂಡ್ ಲೈನ್‌ನಲ್ಲಿ

ಜೂನ್ ಬಂತೆಂದರೆ ಕೊಡಗಿನಲ್ಲಿ ಕರೆಂಟಿನ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ. ಗಾಳಿಗೆ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಒರಗಿದರೆ ಸಾಕು, ಊರಿಗೆ ಊರೇ ಕತ್ತಲೆ. ಅಂಥ ದಿನ ಕ್ಯಾಮೆರಾ ಕಾರ್ಡಿನಿಂದ ಸಾವಿರಾರು ಫೋಟೋಗಳನ್ನು ಮೌಸ್‌ನಲ್ಲಿ ಎಳೆದು ಹಾಕುತ್ತಾ ಕೂತಿದ್ದೀರಿ ಎಂದುಕೊಳ್ಳಿ. ಅರ್ಧ ಆದಾಗ ಕಂಪ್ಯೂಟರ್ ಆರಿತು. ಯಾವುದು ಬಂತು, ಯಾವುದು ಉಳಿಯಿತು? ಕೊನೆಯ ಫೈಲ್ ಪೂರ್ತಿ ಇದೆಯಾ, ಅರ್ಧವಾ? ಕಣ್ಣಲ್ಲಿ ನೋಡಿ ಹೇಳುವುದು ಆಗದ ಮಾತು.

ಮೌಸ್ ಬದಲು ಟರ್ಮಿನಲ್ ಎಂಬ ಕಿಟಕಿಯಲ್ಲಿ ಆದೇಶ ಬರೆದು ಕೆಲಸ ಮಾಡಿಸುವ ಕಮಾಂಡ್ ಲೈನ್‌ನ ದೊಡ್ಡ ಉಪಕಾರ ಇಲ್ಲೇ ಇರುವುದು. ಸರಿಯಾದ ಕಮಾಂಡ್ ಆರಿಸಿಕೊಂಡರೆ, ಕರೆಂಟ್ ಬಂದ ಮೇಲೆ ಅದೇ ಸಾಲನ್ನು ಮತ್ತೆ ಓಡಿಸಬಹುದು. ಆಗಿರುವುದನ್ನು ಅದು ಮುಟ್ಟುವುದಿಲ್ಲ, ಉಳಿದದ್ದನ್ನು ಮುಗಿಸುತ್ತದೆ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಗುಣ ನೋಡಿಯೇ ಜೋಡಿಸಿದ್ದೇನೆ. ನಡುವೆ ಒಂದು ಹಂತ ಮಾತ್ರ ಹಾಗಲ್ಲ. ಅದನ್ನು ಎರಡು ಸಲ ಓಡಿಸಿದರೆ ಕೆಟ್ಟಿತು. ಅದು ಬಂದಾಗ ಹೇಳುತ್ತೇನೆ.

ಫೋಟೋ ನೋಡಲು, ಹುಡುಕಲು, ಆಲ್ಬಂ ಮಾಡಲು ಇಮ್ಮಿಚ್ ಎಂಬ ತಂತ್ರಾಂಶ ಇಟ್ಟುಕೊಂಡು ಹೇಳುತ್ತಿದ್ದೇನೆ. ಇದು ಮುಕ್ತ ತಂತ್ರಾಂಶ, ನಮ್ಮದೇ ಮನೆಯ ಕಂಪ್ಯೂಟರಿನಲ್ಲಿ ಓಡುತ್ತದೆ. ಫೋಟೋ ಹೊರಗಿನ ಯಾರ ಸರ್ವರಿಗೂ ಹೋಗುವುದಿಲ್ಲ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಫೋಟೋ ಸೇರಿಸಲು ಇಂಟರ್ನೆಟ್ ಬೇಕಿಲ್ಲ, ಮನೆಯ ವೈಫೈ ಇದ್ದರೆ ಸಾಕು. ತೋಟದ ಮಧ್ಯೆ ಮನೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ನೀವು ಡಿಜಿಕ್ಯಾಮ್ ಅಥವಾ ಫೋಟೋಪ್ರಿಸಂನಂಥ ಬೇರೆ ಫೋಟೋ ತಂತ್ರಾಂಶ ಬಳಸುವವರಾದರೂ ಇಮ್ಮಿಚ್‌ಗೆ ಸಂಬಂಧಿಸಿದ ಭಾಗ ಬಿಟ್ಟು ಉಳಿದದ್ದೆಲ್ಲ ಹಾಗೇ ಹೊಂದುತ್ತದೆ.

ಮೊದಲು ಸಾಮಾನು

ಉಬುಂಟು ಅಥವಾ ಡೆಬಿಯನ್ (ಎರಡೂ ಲಿನಕ್ಸ್ ಬಗೆಗಳು) ಇರುವ ಕಂಪ್ಯೂಟರ್, ಒಂದು ಕಾರ್ಡ್ ರೀಡರ್, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಇಮ್ಮಿಚ್ ಸರ್ವರ್ ಆಗಲೇ ಡಾಕರ್‌ನಲ್ಲಿ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ವ್ಯವಸ್ಥೆ) ಓಡುತ್ತಿದೆ ಎಂದು ಇಟ್ಟುಕೊಳ್ಳುತ್ತೇನೆ. ಅದನ್ನು ಕೂರಿಸುವುದೇ ಬೇರೆ ಲೇಖನಕ್ಕಾಗುವಷ್ಟಿದೆ. ಅದಕ್ಕೆ 8 ಜಿಬಿ ರ್‍ಯಾಮ್ ಇದ್ದರೆ ಆರಾಮ.

ಬೇಕಾದ ಕಮಾಂಡ್‌ಗಳು ಮೂರು. ಮೊದಲನೆಯದು ಆರ್‌ಸಿಂಕ್. ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರತಿ ಮಾಡುವ, 1996ರಿಂದ ಇರುವ ಹಳೆಯ, ಗಟ್ಟಿ ಸಾಧನ. ಎರಡನೆಯದು ಎಕ್ಸಿಫ್‌ಟೂಲ್. ಫಿಲ್ ಹಾರ್ವಿ ಎಂಬವರು 2003ರಲ್ಲಿ ಶುರು ಮಾಡಿ ಇವತ್ತಿಗೂ ನೋಡಿಕೊಳ್ಳುತ್ತಿರುವ ಸಾಧನ ಇದು. ಫೋಟೋ ಒಳಗಿನ ದಿನಾಂಕ, ಜಾಗ, ಕ್ಯಾಮೆರಾ ವಿವರ ಓದಲು, ತಿದ್ದಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೂರನೆಯದು ಇಮ್ಮಿಚ್‌ನವರೇ ಕೊಡುವ ಇಮ್ಮಿಚ್ ಸಿಎಲ್‌ಐ, ಕಮಾಂಡ್ ಲೈನ್‌ನಿಂದ ಇಮ್ಮಿಚ್‌ಗೆ ಫೋಟೋ ಕಳಿಸುವ ಸಾಧನ. ಮೊದಲೆರಡನ್ನು ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಕಮಾಂಡ್ ಆದ ಎಪಿಟಿ ಮೂಲಕ ಹಾಕಿಕೊಳ್ಳಿ. ಉಬುಂಟುವಿನಲ್ಲಿ ಎಕ್ಸಿಫ್‌ಟೂಲ್‌ನ ಪ್ಯಾಕೇಜ್ ಹೆಸರು ಬೇರೆ: ಲಿಬ್‌ಇಮೇಜ್, ಹೈಫನ್, ಎಕ್ಸಿಫ್‌ಟೂಲ್, ಹೈಫನ್, ಪರ್ಲ್. ಇಮ್ಮಿಚ್ ಸಿಎಲ್‌ಐಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ 20 ಅಥವಾ ಅದಕ್ಕಿಂತ ಹೊಸದು ಬೇಕು. ಉಬುಂಟು 24.04ರ ಜೊತೆ ಬರುವ ನೋಡ್ ಅದಕ್ಕಿಂತ ಹಳೆಯದು, ಹಾಗಾಗಿ ನೋಡ್ ಅನ್ನು ಬೇರೆಯಾಗಿ ಹಾಕಿಕೊಳ್ಳಿ. ಆಮೇಲೆ ನೋಡ್ ಜೊತೆ ಬರುವ ಎನ್‌ಪಿಎಂ ಮೂಲಕ @ಇಮ್ಮಿಚ್/ಸಿಎಲ್‌ಐ ಎಂಬ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಒತ್ತುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಫೋಲ್ಡರ್ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಒಳ್ಳೆಯದು. ಕನ್ನಡದಲ್ಲಿಟ್ಟರೆ ಕೆಲಸವೇನೋ ಆಗುತ್ತದೆ, ಆದರೆ ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ, ಯಾವ ಫೋಲ್ಡರ್ ಎಂದು ಗುರುತು ಸಿಗುವುದಿಲ್ಲ.

ಕಾರ್ಡ್ ಹಾಕುವಾಗ

ದೊಡ್ಡ ಎಸ್‌ಡಿ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಜಾರುಗುಂಡಿ ಇರುತ್ತದೆ. ಅದನ್ನು ಲಾಕ್ ಕಡೆಗೆ ಸರಿಸಿ ಆಮೇಲೆ ರೀಡರಿಗೆ ಹಾಕಿ. ಕಂಪ್ಯೂಟರ್ ಆಗ ಓದುತ್ತದೆ, ಬರೆಯುವುದಿಲ್ಲ. ಕರೆಂಟ್ ಹೋಗುವ ಜಾಗದಲ್ಲಿ ಕಾರ್ಡಿಗೆ ಏನೂ ಬರೆಯದೇ ಇರುವುದೇ ಕ್ಷೇಮ.

ಕ್ಯಾಮೆರಾವನ್ನೇ ಕೇಬಲ್‌ನಲ್ಲಿ ಸಿಕ್ಕಿಸುವವರಿಗೆ ಜಿಫೋಟೋ2 ಎಂಬ ಕಮಾಂಡ್ ಇದೆ. ಆಟೋ-ಡಿಟೆಕ್ಟ್ ಕೊಟ್ಟರೆ ಕ್ಯಾಮೆರಾ ಹೆಸರು ತೋರಿಸುತ್ತದೆ, ಗೆಟ್-ಆಲ್-ಫೈಲ್ಸ್ ಕೊಟ್ಟರೆ ಎಲ್ಲವನ್ನೂ ಇಳಿಸುತ್ತದೆ. ಜೊತೆಗೆ ಸ್ಕಿಪ್-ಎಕ್ಸಿಸ್ಟಿಂಗ್ ಸೇರಿಸಿದರೆ ಬಂದಿರುವುದನ್ನು ಬಿಡುತ್ತದೆ. ಯುಎಸ್‌ಬಿ ಸಾಧನ ಹಿಡಿಯಲಾಗಲಿಲ್ಲ ಎಂಬ ಅರ್ಥದ ದೂರು ಬಂದರೆ ಫೈಲ್ ಮ್ಯಾನೇಜರ್ ಆಗಲೇ ಕ್ಯಾಮೆರಾವನ್ನು ಹಿಡಿದಿಟ್ಟಿದೆ ಎಂದು ತಿಳಿಯಿರಿ. ಅಲ್ಲಿ ಅನ್‌ಮೌಂಟ್ ಮಾಡಿ ಮತ್ತೆ ಓಡಿಸಿ. ನನ್ನನ್ನು ಕೇಳಿದರೆ ರೀಡರ್ರೇ ವಾಸಿ. ಕ್ಯಾಮೆರಾ ಬ್ಯಾಟರಿ ಸುಮ್ನೆ ಖಾಲಿಯಾಗುವುದಿಲ್ಲ.

ಕಾರ್ಡ್ ಎಲ್ಲಿ ಕೂತಿದೆ ಎಂದು ತಿಳಿಯಲು ಎಲ್‌ಎಸ್‌ಬಿಎಲ್‌ಕೆ ಎಂದು ಒತ್ತಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ /ಮೀಡಿಯಾ/ನಿಮ್ಮ ಬಳಕೆದಾರ ಹೆಸರು/ಕಾರ್ಡಿನ ಹೆಸರು ಎಂಬ ಜಾಗ ಇರುತ್ತದೆ. ಅದರೊಳಗೆ ಡಿಸಿಐಎಂ ಎಂಬ ಫೋಲ್ಡರ್, ಹೆಸರು ಪೂರ್ತಿ ದೊಡ್ಡಕ್ಷರ. ಯಾವ ಕಂಪನಿಯ ಕ್ಯಾಮೆರಾ ಆದರೂ ಫೋಟೋ ಅದರೊಳಗೇ ಇರುತ್ತದೆ.

ಇಳಿಸುವ ಸಾಲು

ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಎರಡು ಫೋಲ್ಡರ್ ಮಾಡಿಕೊಳ್ಳಿ. ಒಂದು "ಬಂದದ್ದು", ಇನ್ನೊಂದು "ಜೋಡಿಸಿದ್ದು". ಕಾರ್ಡಿನ ಫೋಟೋ ಮೊದಲು ಬಂದದ್ದಕ್ಕೆ ಹೋಗಬೇಕು, ನೇರವಾಗಿ ಇಮ್ಮಿಚ್‌ಗೆ ಅಲ್ಲ.

ಆರ್‌ಸಿಂಕ್ -ಆರ್‌ಟಿವಿ "ಕಾರ್ಡಿನ ದಾರಿ/ಡಿಸಿಐಎಂ/" "ಡಿಸ್ಕಿನ ದಾರಿ/ಬಂದದ್ದು/ಹುತ್ತರಿ-2025-ಕ್ಯಾಮೆರಾ1/"

ಆರ್ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ಸೇರಿಸಿ, ಟಿ ಎಂದರೆ ಫೈಲಿನ ಸಮಯ ಹಾಗೇ ಉಳಿಸಿ, ವಿ ಎಂದರೆ ಮಾಡುತ್ತಿರುವುದನ್ನು ತೋರಿಸುತ್ತಾ ಹೋಗಿ. ಎಷ್ಟೋ ಕಡೆ ಆರ್‌ಟಿ ಬದಲು ಎ ಎಂದು ಬರೆದಿರುತ್ತಾರೆ. ಲಿನಕ್ಸ್ ಡಿಸ್ಕ್‌ಗಾದರೆ ಅದು ಸರಿ. ಆದರೆ ನಮ್ಮ ಎಕ್ಸ್‌ಟರ್ನಲ್ ಡಿಸ್ಕ್‌ಗಳು ಜಾಸ್ತಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರುತ್ತವೆ, ಅಲ್ಲಿ ಎ ಕೊಟ್ಟರೆ ಮಾಲೀಕತ್ವ ಬದಲಿಸಲಾಗಲಿಲ್ಲ ಎಂದು ಸಾಲು ಸಾಲು ದೂರು ಬರುತ್ತದೆ.

ಡಿಸಿಐಎಂ ಆದಮೇಲಿನ ಸ್ಲ್ಯಾಶ್ ಮರೆಯಬೇಡಿ. ಸ್ಲ್ಯಾಶ್ ಇದ್ದರೆ "ಅದರೊಳಗೆ ಇರುವುದನ್ನು ತಾ" ಎಂದು ಅರ್ಥ. ಇಲ್ಲದಿದ್ದರೆ ಡಿಸಿಐಎಂ ಫೋಲ್ಡರೇ ಒಂದು ಪದರ ಜಾಸ್ತಿಯಾಗಿ ಬಂದು ಕೂರುತ್ತದೆ. ಒಮ್ಮೆ ಇಟ್ಟು, ಇನ್ನೊಮ್ಮೆ ಬಿಟ್ಟು ಓಡಿಸಿದರೆ ಎಲ್ಲವೂ ಎರಡೆರಡು ಪ್ರತಿ.

ಇನ್ನು ಫೋಲ್ಡರ್ ಹೆಸರು. ಕ್ಯಾಮೆರಾ ತನ್ನ ಫೈಲ್‌ಗಳಿಗೆ 0001ರಿಂದ 9999ರವರೆಗೆ ನಂಬರ್ ಕೊಡುತ್ತದೆ, ಆಮೇಲೆ ಮತ್ತೆ 0001ರಿಂದ ಶುರು. ಎಲ್ಲ ಕಾರ್ಡ್‌ಗಳನ್ನೂ ಒಂದೇ ಫೋಲ್ಡರಿಗೆ ಸುರಿಯುತ್ತಾ ಹೋದರೆ ಒಂದು ದಿನ ಹಳೆಯ ಫೋಟೋ ಹೆಸರೇ ಹೊಸದಕ್ಕೂ ಬರುತ್ತದೆ. ಆರ್‌ಸಿಂಕ್ ಅದನ್ನು "ಬದಲಾದ ಫೈಲ್" ಎಂದುಕೊಂಡು ಹಳೆಯದರ ಮೇಲೇ ಬರೆಯುತ್ತದೆ. ಒಂದೇ ಮದುವೆಯಲ್ಲಿ ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೂ ಇದೇ ಅಪಾಯ. ಅದಕ್ಕೇ ಪ್ರತಿ ಕಾರ್ಡಿಗೂ, ಪ್ರತಿ ಸಲಕ್ಕೂ ಹೊಸ ಫೋಲ್ಡರ್.

ಆ ಹೆಸರನ್ನು ಕೈಯಲ್ಲೇ ಬರೆಯಿರಿ. ಇವತ್ತಿನ ದಿನಾಂಕವನ್ನು ಕಂಪ್ಯೂಟರೇ ಹಾಕಿಕೊಳ್ಳುವ ಹಾಗೆ ಸ್ಕ್ರಿಪ್ಟ್ ಬರೆಯಬಹುದು, ನೋಡಲು ಚಂದವೂ ಇರುತ್ತದೆ. ಆದರೆ ರಾತ್ರಿ ಹೋದ ಕರೆಂಟ್ ಮರುದಿನ ಮಧ್ಯಾಹ್ನ ಬಂದರೆ? ದಿನಾಂಕ ಬದಲಾಗಿರುತ್ತದೆ, ಅದೇ ಸಾಲು ಹೊಸ ಫೋಲ್ಡರ್ ಮಾಡಿ ಮೊದಲಿನಿಂದ ಶುರು ಮಾಡುತ್ತದೆ. ಮತ್ತೆ ಓಡಿಸಿದರೆ ಮುಂದುವರಿಯಬೇಕು ಎಂಬ ನಮ್ಮ ಲೆಕ್ಕವೇ ತಪ್ಪುತ್ತದೆ.

ಡಿಲೀಟ್ ಎಂಬ ಆಯ್ಕೆಯನ್ನು ಇಲ್ಲಿ ಯಾವತ್ತೂ ಸೇರಿಸಬೇಡಿ. ಕಾರ್ಡಿನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದಲೂ ಅಳಿಸು ಎಂದು ಅದರ ಅರ್ಥ. ಫಾರ್ಮ್ಯಾಟ್ ಮಾಡಿದ ಕಾರ್ಡ್ ಹಾಕಿ ಓಡಿಸಿದರೆ ಗೊತ್ತಲ್ಲ ಏನಾಗುತ್ತದೆ.

ಕರೆಂಟ್ ಹೋದರೆ ಆರ್‌ಸಿಂಕ್ ಏನು ಮಾಡಿರುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ಧೈರ್ಯ. ಅದು ಪ್ರತಿ ಫೈಲನ್ನೂ ಮೊದಲು ಚುಕ್ಕೆಯಿಂದ ಶುರುವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆಯುತ್ತದೆ. ಪೂರ್ತಿ ಬಂದ ಮೇಲೆ ನಿಜವಾದ ಹೆಸರು ಕೊಡುತ್ತದೆ. ಹಾಗಾಗಿ ಅರ್ಧ ಬಂದದ್ದು ಸಾಮಾನ್ಯವಾಗಿ ಪೂರ್ತಿ ಫೈಲಿನ ವೇಷ ಹಾಕಿಕೊಂಡು ಕೂರುವುದಿಲ್ಲ. ಮತ್ತೆ ಓಡಿಸಿದಾಗ ಗಾತ್ರ ಮತ್ತು ಸಮಯ ಹೋಲಿಸಿ, ಸರಿ ಇರುವುದನ್ನು ದಾಟಿ ಮುಂದೆ ಹೋಗುತ್ತದೆ. ಬಿಟ್ಟುಹೋದ ಚುಕ್ಕೆ ಫೈಲ್‌ಗಳನ್ನು ಆಮೇಲೆ ನೀವೇ ಅಳಿಸಬಹುದು.

ಬಂತಾ ಎಂದು ನೋಡುವುದು

ಮುಗಿಯಿತು ಎಂದು ಟರ್ಮಿನಲ್ ಹೇಳಿದ ಕೂಡಲೇ ಎಲ್ಲ ಡಿಸ್ಕ್ ಮುಟ್ಟಿದೆ ಎಂದಲ್ಲ. ಒಂದಷ್ಟು ಇನ್ನೂ ರ್‍ಯಾಮ್‌ನಲ್ಲೇ ಇರಬಹುದು. ಸಿಂಕ್ ಎಂಬ ಒಂದೇ ಪದದ ಕಮಾಂಡ್ ಒತ್ತಿ, ಅದು ವಾಪಸ್ ಬರುವವರೆಗೆ ಕಾಯಿರಿ. ಆಮೇಲೆ ಡಿಸ್ಕ್ ಇಜೆಕ್ಟ್ ಮಾಡಿ, ತೆಗೆದು, ಮತ್ತೆ ಸಿಕ್ಕಿಸಿ. ಇಷ್ಟು ಮಾಡಿದರೆ ಮುಂದಿನ ಪರೀಕ್ಷೆಯಲ್ಲಿ ಕಂಪ್ಯೂಟರ್ ತನ್ನ ನೆನಪಿನಿಂದ ಓದುವ ಬದಲು ಡಿಸ್ಕಿನಿಂದಲೇ ಓದಬೇಕಾಗುತ್ತದೆ.

ಪರೀಕ್ಷೆಗೆ ಅದೇ ಆರ್‌ಸಿಂಕ್ ಸಾಲು, ಆದರೆ -ಆರ್‌ಟಿವಿ ಬದಲು -ಆರ್‌ಟಿವಿಎನ್‌ಸಿ. ಎನ್ ಎಂದರೆ ಏನೂ ಮಾಡಬೇಡ, ಮಾಡುವುದಾದರೆ ಏನು ಮಾಡುತ್ತೀಯ ಎಂದು ಹೇಳು. ಸಿ ಎಂದರೆ ಗಾತ್ರ, ಸಮಯ ನಂಬಬೇಡ, ಪ್ರತಿ ಫೈಲಿನ ಒಳಗನ್ನೇ ಓದಿ ಹೋಲಿಸು. ನಿಧಾನ ಆಗುತ್ತದೆ, ಕಾಫಿ ಕುಡಿದು ಬನ್ನಿ. ಒಂದೂ ಫೋಟೋ ಹೆಸರು ಬರದೆ ಕೊನೆಯ ಲೆಕ್ಕದ ಸಾಲುಗಳು ಮಾತ್ರ ಬಂದರೆ ಕಾರ್ಡೂ ಡಿಸ್ಕೂ ಒಂದೇ. ಹೆಸರು ಬಂದರೆ ಆ ಫೈಲ್ ಸರಿ ಇಲ್ಲ. ಎನ್ ತೆಗೆದು, ಸಿ ಉಳಿಸಿಕೊಂಡು ಇನ್ನೊಮ್ಮೆ ಓಡಿಸಿ.

ಇದಾದ ಮೇಲೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಕೊನೆಯಲ್ಲಿ ಹೇಳುವ ಮೂರನೇ ಪ್ರತಿ ಆದ ಮೇಲೆ, ಅದನ್ನೂ ಕ್ಯಾಮೆರಾದ ಒಳಗೇ ಮಾಡಿ.

ಗಡಿಯಾರ ತಪ್ಪಿದ್ದರೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿಯನ್ನೇ ತೆಗೆದುಕೊಳ್ಳಿ. ಗದ್ದೆಯಲ್ಲಿ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಎನ್ನುತ್ತಾ ಕದಿರು ಕೊಯ್ಯುತ್ತಾರೆ, ಮನೆಗೆ ತರುತ್ತಾರೆ, ಆಮೇಲೆ ಊಟ. ಅಣ್ಣನ ಕ್ಯಾಮೆರಾ ಗಡಿಯಾರ ಇಪ್ಪತ್ತು ನಿಮಿಷ ಮುಂದೆ, ತಂಗಿಯದು ಸರಿ. ಎರಡನ್ನೂ ಸೇರಿಸಿದರೆ ಕದಿರು ಮನೆಗೆ ಬಂದ ಮೇಲೆ ಕೊಯ್ದ ಹಾಗೆ ಕಾಣುತ್ತದೆ. ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಇಟ್ಟ ಕ್ಯಾಮೆರಾವಾದರೆ ವರ್ಷವೇ ತಪ್ಪಿರಬಹುದು.

ದಿನಾಂಕ ತಿದ್ದದೆ ಇಮ್ಮಿಚ್‌ಗೆ ತುಂಬುವುದು, ಕಣದಲ್ಲಿ ಸರಿಯಾಗಿ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿದ ಹಾಗೆ. ಆಮೇಲೆ ಬಿಚ್ಚಿ ಸರಿ ಮಾಡುವುದು ಎರಡರಷ್ಟು ಕೆಲಸ. ಯಾಕೆಂದರೆ ಇಮ್ಮಿಚ್ ಒಂದೇ ಫೋಟೋ ಹೌದೋ ಅಲ್ಲವೋ ಎಂದು ಗುರುತಿಸುವುದು ಫೈಲಿನ ಒಳಗಿನ ಅಕ್ಷರ ಅಕ್ಷರ ಲೆಕ್ಕ ಹಾಕಿ. ತುಂಬಿದ ಮೇಲೆ ಫೈಲಿನ ದಿನಾಂಕ ತಿದ್ದಿ ಮತ್ತೆ ಕಳಿಸಿದರೆ, ಅದರ ಪಾಲಿಗೆ ಅದು ಹೊಸ ಫೋಟೋ. ಎರಡೂ ಉಳಿಯುತ್ತವೆ.

ವ್ಯತ್ಯಾಸ ಎಷ್ಟು ಎಂದು ಕಂಡುಹಿಡಿಯಲು ಸುಲಭದ ದಾರಿ: ಕಾರ್ಯಕ್ರಮ ಶುರುವಾಗುವ ಮುಂಚೆ ಎಲ್ಲ ಕ್ಯಾಮೆರಾದಿಂದಲೂ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆಯಿರಿ, ಸೆಕೆಂಡ್ ಕಾಣುವ ಹಾಗೆ. ಆಮೇಲೆ ಆ ಫೋಟೋದ ಒಳಗಿನ ಸಮಯವನ್ನು ಎಕ್ಸಿಫ್‌ಟೂಲ್‌ನಲ್ಲಿ ಓದಿ. ಡೇಟ್‌ಟೈಮ್‌ಒರಿಜಿನಲ್ ಎಂಬ ಹೆಸರಿನಲ್ಲಿ ಇರುತ್ತದೆ. ಚಿತ್ರದಲ್ಲಿ ಕಾಣುವ ಸಮಯಕ್ಕೂ ಇದಕ್ಕೂ ಇರುವ ಅಂತರವೇ ತಿದ್ದಬೇಕಾದ ಅಂತರ.

ಎಕ್ಸಿಫ್‌ಟೂಲ್ -ಆರ್ "-ಆಲ್‌ಡೇಟ್ಸ್-=0:20" "ಬಂದದ್ದು/ಹುತ್ತರಿ-2025-ಕ್ಯಾಮೆರಾ1"

ಮುಂದೆ ಇದ್ದರೆ ಕಳೆಯುವ ಗುರುತು, ಹಿಂದೆ ಇದ್ದರೆ ಕೂಡುವ ಗುರುತು. 0:20 ಎಂದರೆ ಸೊನ್ನೆ ಗಂಟೆ ಇಪ್ಪತ್ತು ನಿಮಿಷ. ಆಲ್‌ಡೇಟ್ಸ್ ಎಂಬುದು ಫೋಟೋ ಒಳಗಿನ ಮೂರು ದಿನಾಂಕಗಳಿಗೆ ಒಟ್ಟಾಗಿ ಇಟ್ಟ ಹೆಸರು.

ಎರಡು ಸಲ ಓಡಿಸಬಾರದು ಎಂದು ಆಗ ಹೇಳಿದ್ದು ಈ ಸಾಲನ್ನೇ. ಎರಡನೇ ಸಲ ಓಡಿಸಿದರೆ ಇನ್ನೂ ಇಪ್ಪತ್ತು ನಿಮಿಷ ಕಳೆಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಫೋಟೋ ತಿದ್ದಿರುತ್ತದೆ, ಅರ್ಧ ಇಲ್ಲ. ಗಾಬರಿ ಬೇಡ. ಎಕ್ಸಿಫ್‌ಟೂಲ್ ತಾನು ಮುಟ್ಟಿದ ಪ್ರತಿ ಫೈಲಿನ ಮೂಲ ಪ್ರತಿಯನ್ನೂ ಪಕ್ಕದಲ್ಲೇ ಇಟ್ಟಿರುತ್ತದೆ, ಹೆಸರಿನ ಕೊನೆಗೆ _ಒರಿಜಿನಲ್ ಎಂದು ಸೇರಿಸಿ. ಅದೇ ಫೋಲ್ಡರ್ ಮೇಲೆ ಎಕ್ಸಿಫ್‌ಟೂಲ್ -ಆರ್ -ರಿಸ್ಟೋರ್_ಒರಿಜಿನಲ್ ಎಂದು ಓಡಿಸಿದರೆ ತಿದ್ದಿದ್ದೆಲ್ಲ ಹಿಂದಿನ ಸ್ಥಿತಿಗೆ ಬರುತ್ತದೆ. ಆಮೇಲೆ ಹೊಸದಾಗಿ ತಿದ್ದಿ. ತಾತ್ಕಾಲಿಕ ಫೈಲ್ ಆಗಲೇ ಇದೆ ಎಂದು ಒಂದು ಫೋಟೋದಲ್ಲಿ ದೂರು ಬಂದರೆ, ಕರೆಂಟ್ ಹೋದ ಕ್ಷಣದಲ್ಲಿ ಅರ್ಧ ಬರೆದ ಫೈಲ್ ಅದು. ಹೆಸರಿನ ಕೊನೆಗೆ _ಎಕ್ಸಿಫ್‌ಟೂಲ್_ಟಿಎಂಪಿ ಎಂದಿರುತ್ತದೆ, ಅಳಿಸಿ.

ಎಲ್ಲ ಸರಿ ಕಂಡ ಮೇಲೆ -ಡಿಲೀಟ್_ಒರಿಜಿನಲ್ ಓಡಿಸಿ ಜಾಗ ಖಾಲಿ ಮಾಡಿಕೊಳ್ಳಿ. ಮೂಲ ಪ್ರತಿ ಇಡದಂತೆ ಮಾಡುವ ಓವರ್‌ರೈಟ್_ಒರಿಜಿನಲ್ ಎಂಬ ಆಯ್ಕೆಯೂ ಇದೆ. ನಮ್ಮ ಕಡೆಯ ಕರೆಂಟಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಇನ್ನೊಂದು ಎಚ್ಚರಿಕೆ. ತಿದ್ದಿದ ಮೇಲೆ ಹಿಂದಿನ ಆರ್‌ಸಿಂಕ್ ಸಾಲನ್ನು ಮತ್ತೆ ಓಡಿಸಬೇಡಿ. ಕಾರ್ಡಿನಲ್ಲಿರುವುದೂ ಡಿಸ್ಕಿನಲ್ಲಿರುವುದೂ ಈಗ ಬೇರೆ, ಹಾಗಾಗಿ ಅದು ತಪ್ಪು ದಿನಾಂಕದ ಫೋಟೋವನ್ನೇ ಮತ್ತೆ ತಂದು ಮೇಲೆ ಬರೆಯುತ್ತದೆ. ಇಳಿಸುವುದು, ಪರೀಕ್ಷೆ ಮಾಡುವುದು, ತಿದ್ದುವುದು. ಈ ಕ್ರಮ ತಪ್ಪಬಾರದು. ತಿದ್ದುವ ಮುಂಚೆ ಕಾರ್ಡನ್ನು ರೀಡರಿನಿಂದ ತೆಗೆದು ಇಟ್ಟುಬಿಡಿ.

ವೀಡಿಯೋ ಕತೆ ಸ್ವಲ್ಪ ಬೇರೆ. ಎಂಪಿ4 ಫೈಲಿನಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ, ಬರೆಯಬೇಕೆಂಬುದು ನಿಯಮ. ಮೊಬೈಲ್‌ಗಳು ಸಾಮಾನ್ಯವಾಗಿ ಪಾಲಿಸುತ್ತವೆ, ಎಷ್ಟೋ ಕ್ಯಾಮೆರಾಗಳು ಊರಿನ ಸಮಯವನ್ನೇ ಬರೆದುಬಿಡುತ್ತವೆ. ರಾತ್ರಿ 8:30ಕ್ಕೆ ತೆಗೆದ ವೀಡಿಯೋ ಮಧ್ಯಾಹ್ನ 3 ಗಂಟೆಯದೆಂದು ತೋರಿಸಿದರೆ ಕಾರಣ ಇದೇ, ಸರಿಯಾಗಿ 5 ಗಂಟೆ 30 ನಿಮಿಷದ ವ್ಯತ್ಯಾಸ. ಇದನ್ನು ಗಡಿಯಾರ ತಪ್ಪು ಎಂದುಕೊಂಡು ತಿದ್ದಲು ಹೋಗಬೇಡಿ.

ವಾಟ್ಸಾಪ್ ಫೋಟೋ, ಗೋಡೆಯ ಫೋಟೋ

ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ತೆಗೆದ ದಿನಾಂಕ ಇರುವುದಿಲ್ಲ, ಅದು ಕಿತ್ತುಹೋಗಿರುತ್ತದೆ. ಫೈಲ್ ಹೆಸರಿನಲ್ಲಿ ಕಾಣುವುದು ಕಳಿಸಿದ ದಿನದ್ದು, ತೆಗೆದ ದಿನದ್ದೇ ಆಗಬೇಕೆಂದಿಲ್ಲ. ಒಂದು ದಿನದವನ್ನು ಒಂದು ಫೋಲ್ಡರಿಗೆ ಹಾಕಿ, ದಿನಾಂಕ ನೀವೇ ಕೊಡಿ:

ಎಕ್ಸಿಫ್‌ಟೂಲ್ "-ಆಲ್‌ಡೇಟ್ಸ್=2024:01:15 12:00:00" ಫೋಲ್ಡರ್

ದಿನಾಂಕದಲ್ಲೂ ಹೈಫನ್ ಬದಲು ಕೋಲನ್ ಇರುವುದನ್ನು ಗಮನಿಸಿ. ಈ ಸಾಲನ್ನು ಎಷ್ಟು ಸಲ ಓಡಿಸಿದರೂ ಫಲ ಒಂದೇ, ಹೆದರಬೇಕಿಲ್ಲ.

ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಯಲ್ಲಿರುವ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡುವವರಿಗೂ ಇದೇ ದಾರಿ. ಬಿಟ್ಟರೆ ಅಜ್ಜನ ಮದುವೆ ಈ ವರ್ಷದ ಕೊನೆಯಲ್ಲಿ ಬಂದು ಕೂರುತ್ತದೆ. ವರ್ಷ ಮಾತ್ರ ಗೊತ್ತಿದ್ದರೆ ಜನವರಿ 1 ಹಾಕಿ. ಅಂದಾಜು ಎಂಬುದನ್ನು ವಿವರಣೆಯಲ್ಲಿ ಬರೆದಿಡಿ. "-ಎಕ್ಸ್‌ಎಂಪಿ:ಡಿಸ್ಕ್ರಿಪ್ಶನ್=" ಆದಮೇಲೆ ಕನ್ನಡದಲ್ಲೇ ಬರೆಯಬಹುದು, ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ ಎಲ್ಲ. ಇಮ್ಮಿಚ್ ಅದನ್ನು ಓದಿಕೊಳ್ಳುತ್ತದೆ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಮಾಡಿ.

ಜೋಡಿಸುವುದು

ಈಗ ಬಂದದ್ದರಿಂದ ಜೋಡಿಸಿದ್ದಕ್ಕೆ. ವರ್ಷದ ಫೋಲ್ಡರ್, ಅದರೊಳಗೆ ದಿನದ ಫೋಲ್ಡರ್, ಅದರೊಳಗೆ ಹೀಗೆ ಹೆಸರು: 20251204_203112_ಡಿಎಸ್‌ಸಿ_4521. ಮೊದಲು ದಿನಾಂಕ, ಆಮೇಲೆ ಸಮಯ, ಕೊನೆಗೆ ಕ್ಯಾಮೆರಾ ಕೊಟ್ಟ ಹಳೆಯ ಹೆಸರು. ಹಳೆಯ ಹೆಸರನ್ನು ಬಿಸಾಡಬೇಡಿ. ಒಂದೇ ಸೆಕೆಂಡಿನಲ್ಲಿ ನಾಲ್ಕು ಫೋಟೋ ತೆಗೆದರೂ ಅದರಿಂದಾಗಿ ಬೇರೆ ಬೇರೆ ಇರುತ್ತವೆ. ರಾ ಫೈಲೂ ಜೆಪೆಗ್ಗೂ ಒಟ್ಟಿಗೆ ತೆಗೆಯುವವರಿಗೆ ಜೋಡಿ ಬೇರೆಯಾಗುವುದಿಲ್ಲ.

ಎಕ್ಸಿಫ್‌ಟೂಲ್‌ಗೆ ಇದನ್ನು ಹೇಳುವುದು -ಡಿ ಎಂಬ ಆಯ್ಕೆಯಲ್ಲಿ. ಮೊದಲು ಜೋಡಿಸಿದ್ದು ಫೋಲ್ಡರಿನ ದಾರಿ, ಆಮೇಲೆ ಶೇಕಡಾ ಗುರುತಿನ ಮುಂದೆ ಒಂದೊಂದು ಅಕ್ಷರ: ವರ್ಷಕ್ಕೆ ದೊಡ್ಡ ವೈ, ತಿಂಗಳಿಗೆ ಸಣ್ಣ ಎಂ, ದಿನಕ್ಕೆ ಸಣ್ಣ ಡಿ, ಗಂಟೆಗೆ ದೊಡ್ಡ ಎಚ್, ನಿಮಿಷಕ್ಕೆ ದೊಡ್ಡ ಎಂ, ಸೆಕೆಂಡಿಗೆ ದೊಡ್ಡ ಎಸ್. ಎಂ ಅಕ್ಷರದಲ್ಲಿ ಎಡವುವವರು ತುಂಬಾ ಜನ, ತಿಂಗಳ ಜಾಗದಲ್ಲಿ ನಿಮಿಷ ಬಂದು 2025-47-04 ಎಂಬ ಫೋಲ್ಡರ್ ಹುಟ್ಟುತ್ತದೆ. ಹಳೆಯ ಹೆಸರಿಗೆ ಸಣ್ಣ ಎಫ್, ಎಕ್ಸ್‌ಟೆನ್ಶನ್‌ಗೆ ಸಣ್ಣ ಇ. ಈ ಎರಡಕ್ಕೆ ಮಾತ್ರ ಶೇಕಡಾ ಗುರುತು ಎರಡು ಸಲ.

ಆ ಮಾದರಿ ಆದಮೇಲೆ '-ಟೆಸ್ಟ್‌ನೇಮ್<ಡೇಟ್‌ಟೈಮ್‌ಒರಿಜಿನಲ್' ಎಂದು ಬರೆದು, -ಆರ್ ಸೇರಿಸಿ, ಬಂದದ್ದು ಫೋಲ್ಡರಿನ ದಾರಿ ಕೊಡಿ. ಟೆಸ್ಟ್‌ನೇಮ್ ಎಂದಾಗ ಏನೂ ಬದಲಾಗುವುದಿಲ್ಲ, ಯಾವುದು ಏನಾಗುತ್ತದೆ ಎಂದು ಪಟ್ಟಿ ಮಾತ್ರ ಬರುತ್ತದೆ. ನೋಡಿ ಒಪ್ಪಿಗೆಯಾದರೆ ಟೆಸ್ಟ್‌ನೇಮ್ ಜಾಗದಲ್ಲಿ ಫೈಲ್‌ನೇಮ್ ಎಂದು ಬರೆದು ಓಡಿಸಿ. ಸುತ್ತಲಿನ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ಟರ್ಮಿನಲ್ ಆ ಬಾಣದ ಗುರುತಿಗೆ ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ.

ಎರಡೂ ಫೋಲ್ಡರ್ ಒಂದೇ ಡಿಸ್ಕ್‌ನಲ್ಲಿರುವುದರಿಂದ ಇಲ್ಲಿ ಪ್ರತಿ ತೆಗೆಯುವುದೇನೂ ಇಲ್ಲ, ಹೆಸರು ಬದಲಾವಣೆ ಅಷ್ಟೇ. ಬೇಗ ಮುಗಿಯುತ್ತದೆ. ನಡುವೆ ನಿಂತರೆ ಮತ್ತೆ ಓಡಿಸಿ, ಉಳಿದದ್ದು ಹೋಗುತ್ತದೆ. ಅದೇ ಹೆಸರಿನ ಫೈಲ್ ಅಲ್ಲಿ ಆಗಲೇ ಇದ್ದರೆ ಎಕ್ಸಿಫ್‌ಟೂಲ್ ಮೇಲೆ ಬರೆಯುವುದಿಲ್ಲ, ದೂರು ಹೇಳಿ ಬಿಟ್ಟುಬಿಡುತ್ತದೆ. ಕೊನೆಗೂ ಬಂದದ್ದು ಫೋಲ್ಡರಿನಲ್ಲಿ ಏನಾದರೂ ಉಳಿದಿದ್ದರೆ ಅದಕ್ಕೆ ತೆಗೆದ ದಿನಾಂಕ ಇಲ್ಲ ಎಂದೇ ಜಾಸ್ತಿ ಸಾಧ್ಯತೆ. ಮೇಲೆ ಹೇಳಿದ ಹಾಗೆ ದಿನಾಂಕ ಕೊಟ್ಟು ಮತ್ತೆ ಓಡಿಸಿ.

ಇಮ್ಮಿಚ್‌ಗೆ

ಇಮ್ಮಿಚ್ ಪುಟದಲ್ಲಿ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಎಪಿಐ ಕೀ (ಪಾಸ್‌ವರ್ಡ್ ಬದಲು ಕೊಡುವ ಗುಟ್ಟಿನ ಅಕ್ಷರಸಾಲು) ಮಾಡಿಕೊಳ್ಳಿ. ಟರ್ಮಿನಲ್‌ನಲ್ಲಿ ಇಮ್ಮಿಚ್ ಲಾಗಿನ್ ಎಂದು ಬರೆದು, ಸರ್ವರ್ ವಿಳಾಸ, ಆಮೇಲೆ ಆ ಕೀ. ವಿಳಾಸ ನಿಮ್ಮ ಮನೆಯ ಸರ್ವರಿನ ಐಪಿ, ಕೋಲನ್, 2283, ಸ್ಲ್ಯಾಶ್, ಎಪಿಐ. ಕೀ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಬೇರೆಯವರ ಲ್ಯಾಪ್‌ಟಾಪ್ ಆದರೆ ಕೆಲಸ ಮುಗಿದ ಮೇಲೆ ಇಮ್ಮಿಚ್ ಲಾಗ್‌ಔಟ್ ಮರೆಯಬೇಡಿ.

ಇಮ್ಮಿಚ್ ಅಪ್‌ಲೋಡ್ --ರಿಕರ್ಸಿವ್ --ಆಲ್ಬಂ-ನೇಮ್ "ಹುತ್ತರಿ 2025" "ಜೋಡಿಸಿದ್ದು/2025/2025-12-04" "ಜೋಡಿಸಿದ್ದು/2025/2025-12-05"

ಎರಡು ದಿನದ ಫೋಲ್ಡರ್ ಯಾಕೆಂದರೆ ಹುತ್ತರಿ ರಾತ್ರಿಯ ಹಬ್ಬ, ಹನ್ನೆರಡು ದಾಟಿದ ಮೇಲೆ ತೆಗೆದದ್ದು ಮರುದಿನದ ಲೆಕ್ಕಕ್ಕೆ ಹೋಗಿರುತ್ತದೆ. ಆಲ್ಬಂ ಹೆಸರನ್ನು ಕನ್ನಡದಲ್ಲಿ ಕೊಡಬಹುದು. ಸುಮ್ನೆ --ಆಲ್ಬಂ ಎಂದಷ್ಟೇ ಕೊಟ್ಟರೆ ಫೋಲ್ಡರ್ ಹೆಸರೇ ಆಲ್ಬಂ ಹೆಸರಾಗುತ್ತದೆ, ದಿನಕ್ಕೊಂದು ಆಲ್ಬಂ ಹುಟ್ಟಿ ಗೊಂದಲ. ಮೊದಲ ಸಲ --ಡ್ರೈ-ರನ್ ಸೇರಿಸಿ ನೋಡಿ, ಏನೂ ಕಳಿಸದೆ ಏನಾಗುತ್ತದೆ ಎಂದು ಮಾತ್ರ ಹೇಳುತ್ತದೆ. --ಡಿಲೀಟ್ ಎಂಬ ಆಯ್ಕೆ ಇಲ್ಲೂ ಇದೆ, ಕಳಿಸಿದ ಮೇಲೆ ಡಿಸ್ಕಿನದನ್ನು ಅಳಿಸುತ್ತದೆ. ಅದರ ತಂಟೆಗೆ ಹೋಗಬೇಡಿ. ಡಿಸ್ಕಿನಲ್ಲಿ ಒಂದು, ಇಮ್ಮಿಚ್ ಸರ್ವರಿನಲ್ಲಿ ಒಂದು, ಹೀಗೆ ಎರಡು ಪ್ರತಿ ಇರಲಿ ಎಂದೇ ಇಷ್ಟೆಲ್ಲ ಮಾಡುತ್ತಿರುವುದು.

ಕಳಿಸುವ ಮುಂಚೆ ಸಿಎಲ್‌ಐ ಪ್ರತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ, ಇದು ನಿನ್ನ ಹತ್ತಿರ ಇದೆಯಾ ಎಂದು ಸರ್ವರನ್ನು ಕೇಳುತ್ತದೆ. ಇದ್ದರೆ ಬಿಡುತ್ತದೆ. ಹಾಗಾಗಿ ನಡುವೆ ನಿಂತರೂ ಚಿಂತೆ ಇಲ್ಲ. ಅನುಮಾನ ಇದ್ದರೆ ಇಡೀ ವರ್ಷದ ಫೋಲ್ಡರನ್ನೇ ಆಲ್ಬಂ ಹೆಸರಿಲ್ಲದೆ ಮತ್ತೊಮ್ಮೆ ಕೊಡಿ, ಬಿಟ್ಟುಹೋದದ್ದು ಮಾತ್ರ ಹೋಗುತ್ತದೆ.

ಮೊದಲ ಸಲ ಹತ್ತಾರು ವರ್ಷದ ಫೋಟೋ ತುಂಬಿದಾಗ ಸರ್ವರ್ ಗಂಟೆಗಟ್ಟಲೆ ಬಿಸಿಯಾಗಿ ಓಡುತ್ತದೆ. ಸಣ್ಣ ಚಿತ್ರ ಮಾಡುವುದು, ಮುಖ ಗುರುತಿಸುವುದು ಎಲ್ಲ ಆಮೇಲೆ ನಡೆಯುವ ಕೆಲಸ. ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಉಟ್ಟು ಸಾಲಾಗಿ ನಿಂತ ಒಂದೇ ಒಕ್ಕದ (ಮನೆತನದ) ಅಣ್ಣತಮ್ಮಂದಿರನ್ನು ಅದು ಒಬ್ಬರೇ ಎಂದುಕೊಂಡರೆ ಬೇಸರ ಬೇಡ, ಮನೆಗೆ ಬಂದ ನೆಂಟರೂ ಹಾಗೇ ಅಲ್ವಾ.

ಸರ್ವರ್ ಮತ್ತು ಇನ್ವರ್ಟರ್

ನಮ್ಮ ಮನೆಗಳ ಇನ್ವರ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂದೆಯೋ ಮುಂದೆಯೋ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮತ್ತು ನಾರ್ಮಲ್ ಎಂದು. ನಾರ್ಮಲ್‌ನಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆಗೆ ತಿರುಗಿಸಿ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲಿ ಇರುತ್ತದೆ, ಆದರೆ ಬಂದ ಕರೆಂಟ್ ನಿಮಿಷದಲ್ಲಿ ಮತ್ತೆ ಹೋಗುವುದು ನಮ್ಮಲ್ಲಿ ಮಾಮೂಲು. ನಾನಾದರೆ ಅದನ್ನು ಆಫ್ ಇಟ್ಟು ಕೈಯಲ್ಲೇ ಆನ್ ಮಾಡುವುದನ್ನು ಒಪ್ಪುತ್ತೇನೆ. ಕಂಪ್ಯೂಟರ್ ಆನ್ ಆದ ಮೇಲೆ ಇಮ್ಮಿಚ್ ತಾನಾಗಿಯೇ ಎದ್ದು ಕೂರುತ್ತದೆ, ಅದರ ಡಾಕರ್ ಫೈಲಿನಲ್ಲೇ ಹಾಗೆ ಬರೆದಿರುತ್ತದೆ.

ಮಳೆಗಾಲದ ತೇವ ಬೇರೆ. ಕಾರ್ಡ್, ರೀಡರ್, ಡಿಸ್ಕ್ ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಮೂರನೇ ಪ್ರತಿ

ಸರ್ವರ್ ಮತ್ತು ಡಿಸ್ಕ್ ಎರಡೂ ಒಂದೇ ಸೂರಿನಡಿ ಇವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮನೆಗಳೇ ಹೋದದ್ದನ್ನು ಕಂಡ ಜಿಲ್ಲೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಇನ್ನೊಂದು ಡಿಸ್ಕ್ ತೆಗೆದುಕೊಂಡು ಜೋಡಿಸಿದ್ದು ಫೋಲ್ಡರನ್ನು ಅದಕ್ಕೂ ಆರ್‌ಸಿಂಕ್ ಮಾಡಿ, ಅದೇ -ಆರ್‌ಟಿವಿ, ಅದೇ ಪರೀಕ್ಷೆ. ಅದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿಡಿ. ಇಮ್ಮಿಚ್‌ನಲ್ಲಿ ನೀವು ಮಾಡಿದ ಆಲ್ಬಂ, ಹೆಸರಿಟ್ಟ ಮುಖಗಳು ಡೇಟಾಬೇಸ್‌ನಲ್ಲಿರುತ್ತವೆ, ಫೋಟೋ ಫೈಲಿನಲ್ಲಲ್ಲ. ಇಮ್ಮಿಚ್ ತನ್ನ ಅಪ್‌ಲೋಡ್ ಜಾಗದ ಒಳಗೇ ಬ್ಯಾಕಪ್ಸ್ ಎಂಬ ಫೋಲ್ಡರಿನಲ್ಲಿ ಡೇಟಾಬೇಸಿನ ಪ್ರತಿ ಇಡುತ್ತದೆ, ಅದನ್ನೂ ಈ ಡಿಸ್ಕಿಗೆ ಸೇರಿಸಿ.

ಆ ಡಿಸ್ಕ್ ಹಬ್ಬಕ್ಕೆ ನೆಂಟರ ಜೊತೆ ಊರಿಗೆ ಬಂದಾಗ ಹೊಸದನ್ನು ತುಂಬಿ, ಕೊನೆಗೆ -ಆರ್‌ಟಿವಿಎನ್‌ಸಿ ಒಮ್ಮೆ ಓಡಿಸಿ, ಫೋಟೋ ಹೆಸರು ಒಂದೂ ಬರದಿದ್ದರೆ ವಾಪಸ್ ಕಳಿಸಿ. ಈ ಮೂರನೇ ಪ್ರತಿ ಆದ ಮೇಲೆಯೇ ನಾನು ಕಾರ್ಡ್ ಫಾರ್ಮ್ಯಾಟ್ ಮಾಡಲು ಹೇಳುವುದು. ಅಲ್ಲಿಯವರೆಗೆ ಕಾಯಲು ಕಾರ್ಡ್ ಸಾಲದಿದ್ದರೆ ಇನ್ನೊಂದು ಕಾರ್ಡ್ ಕೊಳ್ಳಿ.